ಹಸಿರು ಪೊಟ್ಟಣವೇ ಆಗಬೇಕು

ಲಾಮ್‌ಕೌ ಊರಿನ ತಿಂಗೋಂಗನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ. ಆದರೆ ಆ ವರ್ಷ ಹೊಸವರ್ಷದ ಹಬ್ಬದ ಹೊತ್ತಿಗೆ ಅವನಿಗೆ ಬಂದ ಸಿಟ್ಟಿಗೆ ಮಾತ್ರ ತಕ್ಕ ಕಾರಣವಿತ್ತು ಎಂಬುದನ್ನು ಅವನನ್ನು ಕಂಡರಾಗದವರೂ ಒಪ್ಪುತ್ತಾರೆ. ಅರವತ್ತು ದಾಟಿದ ಗೃಹಸ್ಥನೊಬ್ಬನ ಮಾನವನ್ನು ಜೋಳದ ಕುರುಕಲು ತಿಂಡಿಯ ಪೊಟ್ಟಣವೊಂದು ಹಾಡುಹಗಲೇ ಕಳೆದರೆ ಸಿಟ್ಟು ಬಾರದೆ ಇನ್ನೇನು ಬರಬೇಕು?

ಲಾಮ್‌ಕೌ ಬೆಳ್ಳುಳ್ಳಿಯ ಊರು. ಊರದೇವತೆ ಮಾಚೋ ತಾಯಿಯ ಗುಡಿಯ ಪಕ್ಕದ ಚಪ್ಪರದಲ್ಲಿ ಹೆಂಗಸರು ವರ್ಷವಿಡೀ ಬೆಳ್ಳುಳ್ಳಿ ಸುಲಿಯುತ್ತಾರೆ. ಆ ಸಿಪ್ಪೆ ಗಾಳಿಗೆ ಹಾರಿ ಮೊದಲು ಗುಡಿಯ ಅಂಗಳಕ್ಕೆ, ಆಮೇಲೆ ಗುಡಿಯ ಆಫೀಸು ಕೋಣೆಗೆ, ಕೊನೆಗೆ ಆ ಕೋಣೆಯ ಮೂಲೆಯಲ್ಲಿದ್ದ ಕಂಪ್ಯೂಟರಿನ ಹೊಟ್ಟೆಗೆ ಹೋಗಿ ಸೇರುತ್ತಿತ್ತು. ಮೇಲಿಂದ ಊದುಬತ್ತಿಯ ಹೊಗೆ. ಒಂದು ಕಾಲಕ್ಕೆ ಬೆಳ್ಳಗಿದ್ದ ಆ ಯಂತ್ರ ಈಗ ಅಡುಗೆಮನೆಯ ತೊಲೆಯ ಬಣ್ಣಕ್ಕೆ ತಿರುಗಿತ್ತು. ಕೀಬೋರ್ಡಿನ ಗುಂಡಿಗಳ ಮೇಲೆ ಅಕ್ಷರಗಳಿದ್ದವು ಎಂಬುದು ಹಳಬರ ಬಾಯಿಮಾತಾಗಿ ಮಾತ್ರ ಉಳಿದಿತ್ತು. ಆದರೂ ಗುಡಿಯ ಗುಮಾಸ್ತೆ ತುವಾನ್ ಅತ್ತೆ ಅದರ ಮುಂದೆ ಕೂತು, ಬಾಗಿಲಾಚೆಯ ಹೆಂಗಸರೊಡನೆ ಹರಟುತ್ತಲೇ ಬೆರಳಾಡಿಸಿ ಊರಿನ ಮನೆಮನೆಯ ಹೆಸರನ್ನೂ ಸರಾಗವಾಗಿ ಅಚ್ಚು ಹಾಕಿಸುತ್ತಿದ್ದಳು.

ಈ ತುವಾನ್ ಅತ್ತೆ, ಹಬ್ಬ ಕಳೆದ ಮೇಲೆ ಕೆಲಸ ಬಿಡುತ್ತೇನೆ ಎಂದುಬಿಟ್ಟಿದ್ದಳು. ಆಕೆಯ ಕುರ್ಚಿಯ ಮೇಲೆ ತಿಂಗೋಂಗನ ಕಣ್ಣು ಬಿತ್ತು.

ಸಂಬಳದ ಆಸೆಗಲ್ಲ, ಆ ಕುರ್ಚಿಗೆ ಸಂಬಳವೇ ಇರಲಿಲ್ಲ. ಊರು ಅವನನ್ನು ಮೂವತ್ತು ವರ್ಷದಿಂದ 'ಅರೆಬರೆ ತಿಂಗೋಂಗ್' ಎನ್ನುತ್ತಿತ್ತು. ಗುಡಿಯ ಅಧ್ಯಕ್ಷ ಹೋಯ್‌ಸಾಯನ ಹೊಲದ ಪಂಪನ್ನು ಅವನು ಒಮ್ಮೆ ರಿಪೇರಿ ಮಾಡಿಕೊಟ್ಟಿದ್ದ. ಅಂದಿನಿಂದ ಆ ಪಂಪು ನಿಲ್ಲಿಸಿದರೆ ಓಡುತ್ತಿತ್ತು, ಓಡಿಸಿದರೆ ನಿಲ್ಲುತ್ತಿತ್ತು. ಆ ಹೆಸರನ್ನು ಅಳಿಸಿಹಾಕಬೇಕೆಂದೇ ತಿಂಗೋಂಗ್, ಪಟ್ಟಣದಲ್ಲಿ ಹಿರಿಯರಿಗಾಗಿ ನಡೆಯುವ ಕಂಪ್ಯೂಟರ್ ತರಗತಿಗೆ ಹೋಗಿಬಂದು, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ಹಿರೀಕರ ಪೂಜೆಯ ಗೂಡಿನ ಪಕ್ಕದಲ್ಲೇ ತೂಗುಹಾಕಿದ್ದ. ಹೆಂಡತಿ ಅಮೀ ಊದುಬತ್ತಿ ಹಚ್ಚಿ ಕೈಮುಗಿಯುವಾಗೆಲ್ಲ ಅದು ಕಣ್ಣಿಗೆ ಬೀಳದಂತೆ ಮುಖ ಓರೆ ಮಾಡಿ ನಿಲ್ಲುತ್ತಿದ್ದಳು.

ವರ್ಷದ ಕೊನೆಯ ತಿಂಗಳ ಇಪ್ಪತ್ತನಾಲ್ಕಕ್ಕೆ ದೇವರುಗಳೆಲ್ಲ ಸ್ವರ್ಗಕ್ಕೆ ಹೋಗುತ್ತಾರೆ. ಮರಳುವುದು ಹೊಸವರ್ಷದ ನಾಲ್ಕನೆಯ ದಿನ. ವಿಗ್ರಹಗಳನ್ನು ಪೀಠದಿಂದ ಇಳಿಸಿ ಮೈ ಉಜ್ಜುವುದಿದ್ದರೆ ಈ ನಡುವಿನ ದಿನಗಳಲ್ಲೇ ಉಜ್ಜಬೇಕು. ದೇವರು ಒಳಗಿರುವಾಗ ಮೂಗು ತಿಕ್ಕಿದರೆ ಯಾವ ದೇವರು ಸುಮ್ಮನಿರುತ್ತಾನೆ? ಇಪ್ಪತ್ತನಾಲ್ಕರ ಬೆಳಿಗ್ಗೆ ದೇವರುಗಳನ್ನು ಬೀಳ್ಕೊಟ್ಟು, ತುವಾನ್ ಅತ್ತೆಯೂ ಮಗಳ ಬಾಣಂತನಕ್ಕೆಂದು ತೈಚುಂಗ್ ಬಸ್ಸು ಹತ್ತಿದಳು. ಹತ್ತುವಾಗ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು:

"ಲೋ ತಿಂಗೋಂಗ್, ಕಂಪ್ಯೂಟರ್ ಕ್ಲೀನ್ ಮಾಡ್ತೀನಿ ಅಂತ ಕುಣೀತಿದ್ದೆಯಲ್ಲ, ಮಾಡ್ಕೋ. ಆದ್ರೆ ಅದರ ತಲೆ ಮೇಲಿರೋ ಹಸಿರು ಪೊಟ್ಟಣ ಮಾತ್ರ ಮುಟ್ಬೇಡ!"

ಆ ಸೀಮೆಯಲ್ಲಿ ಕಂಪ್ಯೂಟರ್ ಇರುವ ಕಡೆಯಲ್ಲೆಲ್ಲ ಅದರ ಮೇಲೆ ಜೋಳದ ಕುರುಕಲಿನ ಪೊಟ್ಟಣವೊಂದು ಕೂತಿರುತ್ತದೆ. ತಿನ್ನಲಿಕ್ಕಲ್ಲ. ಪೊಟ್ಟಣ ಮೇಲಿದ್ದರೆ ಯಂತ್ರ ಹಟ ಮಾಡದೆ ಹೇಳಿದ ಮಾತು ಕೇಳುತ್ತದೆ. ಅದರ ಬಣ್ಣ ಹಸಿರೇ ಆಗಿರಬೇಕು. ಹಳದಿ ಇಟ್ಟರೆ ಯಂತ್ರ ಮುನಿಸಿಕೊಳ್ಳುತ್ತದೆ, ಕೆಂಪು ಇಟ್ಟರೆ ಕೂಗಾಡುತ್ತದೆ. ಪಟ್ಟಣದ ದೊಡ್ಡ ಓದು ಓದಿದವರೂ ಹಾಗೇ ಇಡುತ್ತಾರೆ, ಕೇಳಿದರೆ ನಗುತ್ತಾರೆ, ಆದರೆ ತೆಗೆಯುವುದಿಲ್ಲ.

"ನಾನು ತರಗತಿಗೆ ಹೋದವನು ಅತ್ತೆ!" ಎಂದು ತಿಂಗೋಂಗ್ ಹೊರಟ ಬಸ್ಸಿನ ಹಿಂದೆ ಕೂಗಿದ. "ಯಂತ್ರ ಕೆಡೋದು ಧೂಳಿನಿಂದ! ತಿಂಡಿಯಿಂದ ಅಲ್ಲ!"

ಮಾರನೆಯ ಬೆಳಿಗ್ಗೆ ಅವನು ಬಣ್ಣ ಬಳಿಯುವ ಕುಂಚ, ಅಮೀಯ ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ರಾಶಿ ಚಿಂದಿ, ಬೆಳ್ಳುಳ್ಳಿ ಸಿಪ್ಪೆ ಹಾರಿಸುವ ಗಾಳಿಯಂತ್ರ ಇಷ್ಟನ್ನೂ ಕೈಗಾಡಿಯಲ್ಲಿ ಹೇರಿಕೊಂಡು ಗುಡಿಗೆ ಬಂದ. ಗುಡಿಯ ಜಗಲಿಯಲ್ಲಿ ಹೆಂಗಸರು ವಿಗ್ರಹಗಳ ಮೈ ಉಜ್ಜಿ, ಹೂ ಹಾಕಿದ ನೀರಲ್ಲಿ ಒರೆಸಿ, ಸಾಲಾಗಿ ಒಣಗಲು ಕೂರಿಸಿದ್ದರು. ಮಾಚೋ ತಾಯಿಯ ಮುಖ ಎಷ್ಟೋ ವರ್ಷಗಳ ಮೇಲೆ ಮತ್ತೆ ಗುಲಾಬಿ ಬಣ್ಣಕ್ಕೆ ಬಂದಿತ್ತು. ಭೂಮಿಯಜ್ಜನ ಗಡ್ಡ ಹತ್ತಿಯಂತೆ ಬೆಳ್ಳಗಾಗಿತ್ತು.

ತಿಂಗೋಂಗ್ ಕಂಪ್ಯೂಟರಿನ ಡಬ್ಬವನ್ನು ಹೊರಗೆ ತಂದು ಮುಚ್ಚಳ ಬಿಚ್ಚಿದ. ಒಳಗೆ ಮಸಿ ಕಂಬಳಿಯಂತೆ ಹಾಸಿತ್ತು. ಅದರ ಮೇಲೆ ಬೆಳ್ಳುಳ್ಳಿ ಸಿಪ್ಪೆ, ಕಲ್ಲಂಗಡಿ ಬೀಜದ ಹೊಟ್ಟು. ಫ್ಯಾನಿನ ಪಕ್ಕದ ಬೆಚ್ಚನೆಯ ಮೂಲೆಯಲ್ಲಿ ಹಲ್ಲಿಯ ಎರಡು ಮೊಟ್ಟೆ.

"ನೋಡಿ! ಬಂದು ನೋಡಿ!" ಎಂದು ಅವನು ಹೆಂಗಸರನ್ನು ಕರೆದ. "ಇದರೊಳಗೆ ಒಂದು ಸಂಸಾರವೇ ನಡೀತಿದೆ. ಮೇಲೆ ತಿಂಡಿ ಪೊಟ್ಟಣ ಇಟ್ಟು ಕೈಮುಗೀತೀರಿ. ನಾಚಿಕೆ ಆಗ್ಬೇಕು ನಮ್ಮೂರಿಗೆ!"

ನಾಚಿಕೆಪಡಲು ಯಾರೂ ಏಳಲಿಲ್ಲ. ಅವನು ಗಾಳಿಯಂತ್ರದ ಗುಂಡಿ ಒತ್ತಿದ.

ಬೆಳ್ಳುಳ್ಳಿ ರಾಶಿಗೆಂದು ಮಾಡಿದ ಗಾಳಿ ಅದು. ಒಂದು ಕ್ಷಣ ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಯಾರಿಗೂ ಏನೂ ಕಾಣಿಸಲಿಲ್ಲ. ಮಸಿ ಇಳಿದಾಗ ಮಾಚೋ ತಾಯಿ ಕಪ್ಪಗಾಗಿದ್ದಳು. ಅವಳ ಇಬ್ಬರು ಕಾವಲು ಭಟರು ಯಾರು ಯಾರೆಂದು ಗುರುತು ಸಿಗದಂತಾಗಿದ್ದರು. ಭೂಮಿಯಜ್ಜನ ಗಡ್ಡ ಇದ್ದಿಲು ಮಾರುವವನ ಗಡ್ಡದಂತಾಗಿತ್ತು, ಅವನ ಕೆನ್ನೆಗೆ ಹಲ್ಲಿಯ ಮೊಟ್ಟೆಯೊಂದು ಅಂಟಿಕೊಂಡಿತ್ತು.

"ಅಯ್ಯೋ ನಿನ್ನ ಕೈ ಸೇದಿಹೋಗ!" ಎಂದು ಅಂಗಡಿಯ ಚುನ್‌ಥೋ ಎದ್ದು ನಿಂತಳು. ಅವಳ ಮುಖದಲ್ಲಿ ಬೆಳ್ಳಗಿದ್ದದ್ದು ಕಣ್ಣು ಮಾತ್ರ. "ಬೆಳಿಗ್ಗೆಯಿಂದ ಸೊಂಟ ಮುರ್ಕೊಂಡು ಉಜ್ಜಿದ್ದೀವಿ! ಪುಣ್ಯಕ್ಕೆ ದೇವರು ಒಳಗಿಲ್ಲ. ಇದ್ದಿದ್ರೆ ನಿನ್ನ ಗತಿ ಏನಾಗ್ತಿತ್ತು?"

ಬೇರೆ ಯಾರಾದರೂ ಆಗಿದ್ದರೆ ಕ್ಷಮೆ ಕೇಳುತ್ತಿದ್ದರು. ತಿಂಗೋಂಗನಿಗೆ ಸಿಟ್ಟು ಬಂತು. "ಗಾಳಿ ಬೀಸೋ ಕಡೆ ದೇವರನ್ನ ಒಣಗಿಸೋದು ಯಾವ ಸೀಮೆ ಪದ್ಧತಿ? ಗಾಳಿ ಎಲ್ಲಿಂದ ಎಲ್ಲಿಗೆ ಬೀಸುತ್ತೆ ಅಂತ ನೋಡ್ಬಾರ್ದಾ?"

"ಆ ಗಾಳಿ ನಿನ್ನ ಕೈಯಲ್ಲೇ ಇತ್ತಲ್ಲೋ!"

ಮಾತು ಬೆಳೆಯುವ ಮುನ್ನ ಅವನು ಡಬ್ಬವನ್ನು ಒಳಗೆ ಒಯ್ದ. ಡಬ್ಬ ನಿಜಕ್ಕೂ ಚೊಕ್ಕಟವಾಗಿತ್ತು. ಪರದೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ, ಮೌಸಿನ ಹೊಟ್ಟೆಯಡಿಯ ಕೊಳೆಯನ್ನು ಉಗುರಿನಿಂದ ಕೆರೆದ, ಪ್ರಿಂಟರಿನ ಮೂಲೆಗಳಿಗೆ ಬ್ರಷ್ಷು ಹಾಕಿದ. ಕೆಲಸದ ನಡುವೆ ಚಹಾ ಕುಡಿಯಬೇಕೆನಿಸಿತು. ಚಹಾಕ್ಕೆ ಏನಾದರೂ ಬೇಕೆನಿಸಿತು. ಎದುರಿಗೇ ಹಸಿರು ಪೊಟ್ಟಣವಿತ್ತು. ತಿರುಗಿಸಿ ನೋಡಿದ, ತಿನ್ನುವ ಅವಧಿ ಮುಗಿದು ಎರಡು ವರ್ಷವಾಗಿತ್ತು. ಅವಧಿ ಮುಗಿದ ಪೊಟ್ಟಣ ಇಟ್ಟರೂ ಯಂತ್ರ ಎರಡು ವರ್ಷ ಓಡಿದೆಯೆಂದರೆ ಪೊಟ್ಟಣದಿಂದ ಏನೂ ಆಗುವುದಿಲ್ಲವೆಂದು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ವಿಜ್ಞಾನದ ಗೆಲುವಿಗಾಗಿ ತಿಂಗೋಂಗ್ ಪೊಟ್ಟಣ ಹರಿದು ಅಷ್ಟನ್ನೂ ತಿಂದ. ಸ್ವಲ್ಪ ಮೆತ್ತಗಾಗಿತ್ತು ಅಷ್ಟೆ.

ಕೀಬೋರ್ಡನ್ನು ಮಾತ್ರ ಮನೆಗೆ ಒಯ್ದ. ಅದರ ಗುಂಡಿಗಳನ್ನೆಲ್ಲ ಚಮಚದ ಹಿಡಿಯಿಂದ ಒಂದೊಂದಾಗಿ ಎಬ್ಬಿಸಿ, ಸೋಪಿನ ನೀರಲ್ಲಿ ನೆನೆಹಾಕಿ, ಉಜ್ಜಿ, ಅಮೀ ಮೂಲಂಗಿ ಹೋಳು ಒಣಗಿಸುತ್ತಿದ್ದ ಬಿದಿರಿನ ಮೊರದಲ್ಲಿ ಹರವಿದ. ಗುಂಡಿಗಳು ಹೊಸ ಹಲ್ಲಿನಂತೆ ಹೊಳೆದವು. ಒಂದೊಂದರ ಮೇಲೂ ಮೂಲೆಗೊಂದರಂತೆ ಮೂರು ನಾಲ್ಕು ಬಗೆಯ ಅಕ್ಷರಗಳು ಕಾಣಿಸಿಕೊಂಡವು.

"ಲೇ ಮುದಿ ಕೋತಿ," ಎಂದಳು ಅಮೀ. ಮದುವೆಯಾದ ಮೂರನೆಯ ವರ್ಷದಿಂದ ಅವಳು ಗಂಡನನ್ನು ಕರೆಯುತ್ತಿದ್ದುದು ಹಾಗೆಯೇ. "ಕೀಳೋಕೆ ಮುಂಚೆ ಯಾವುದು ಎಲ್ಲಿತ್ತು ಅಂತ ಒಂದು ಚಿತ್ರನಾದ್ರೂ ಬರ್ಕೊಂಡ್ಯಾ?"

"ಬರ್ಕೊಳ್ಳೋಕೆ ಆಗ ಅಕ್ಷರ ಎಲ್ಲಿ ಕಾಣ್ತಿತ್ತು? ಮಸಿ ಇತ್ತು. ಆದ್ರೆ ಎಲ್ಲಾ ನನ್ನ ತಲೇಲಿದೆ. ನಾನು ತರಗತಿಗೆ ಹೋದವನು."

"ಹೋಯ್‌ಸಾಯ್ ಭಾವನ ಪಂಪೂ ನಿನ್ನ ತಲೇಲೇ ಇತ್ತು."

ಸಂಜೆ ಅವನು ಗುಂಡಿಗಳನ್ನು ಮತ್ತೆ ಕೂರಿಸಿದ. ಬಹುಪಾಲು ತಮ್ಮ ತಮ್ಮ ಜಾಗಕ್ಕೇ ಹೋದವು. ಇದನ್ನು ಅವನ ಪರವಾಗಿ ಹೇಳಲೇಬೇಕು. ಒಂದು ಹತ್ತು ಹನ್ನೆರಡು ಮಾತ್ರ ನೆರೆಮನೆಗೆ ಹೋಗಿ ಕೂತವು. ಅವು ಎಷ್ಟು ಭದ್ರವಾಗಿ ಕೂತವೆಂದರೆ ಯಾರಿಗೂ ಅನುಮಾನ ಬರುವಂತಿರಲಿಲ್ಲ, ತಿಂಗೋಂಗನಿಗೂ ಬರಲಿಲ್ಲ. ಮೂಲೆಯಲ್ಲೊಂದು ಜಾಗ ಖಾಲಿ ಉಳಿದದ್ದೂ ಯಾರ ಕಣ್ಣಿಗೂ ಬೀಳಲಿಲ್ಲ.

ಮರುದಿನ ಅಧ್ಯಕ್ಷ ಹೋಯ್‌ಸಾಯ್ ಮತ್ತು ಸಮಿತಿಯ ನಾಲ್ಕು ಜನರ ಮುಂದೆ ಕಂಪ್ಯೂಟರ್ ಹಚ್ಚಿದಾಗ ಎಲ್ಲರೂ ಬೆರಗಾದರು. ಹಿಂದೆ ಅಕ್ಕಿ ಗಿರಣಿಯಂತೆ ಗುಡುಗುತ್ತಿದ್ದ ಯಂತ್ರ ಈಗ ಬೆಕ್ಕಿನಂತೆ ಗುರುಗುಟ್ಟಿತು. ತಿಂಗೋಂಗ್ ಎದೆಯುಬ್ಬಿಸಿ ಪಕ್ಕಕ್ಕೆ ಸರಿದ. ಪರದೆ ಬೆಳಗಿ ಗುಪ್ತಪದ ಕೇಳಿತು.

ಹೋಯ್‌ಸಾಯ್ ತೈಚುಂಗಿಗೆ ಫೋನು ಹಚ್ಚಿದ. ಎಳೆಮಗುವಿನ ಅಳುವಿನ ಮೇಲೆ ದನಿಯೇರಿಸಿ ತುವಾನ್ ಅತ್ತೆ ಕಿರುಚಿದ್ದು ಚಪ್ಪರದ ಹೆಂಗಸರಿಗೂ ಕೇಳಿಸಿತು: ಗುಪ್ತಪದವೆಂದರೆ ಅವಳ ಮನೆಯಲ್ಲಿ ಹಿಂದೆ ಇದ್ದ ಎಮ್ಮೆಯ ಹೆಸರು, ಅದರ ಜೊತೆಗೆ ಅದು ಸತ್ತ ವರ್ಷ. ಹೋಯ್‌ಸಾಯ್ ಕನ್ನಡಕ ಏರಿಸಿ, ಹೊಳೆಯುವ ಗುಂಡಿಗಳ ಮೇಲಿನ ಅಕ್ಷರ ಹುಡುಕಿ ಹುಡುಕಿ ಒತ್ತಿದ. ತಪ್ಪು ಎಂದಿತು ಯಂತ್ರ. ಮತ್ತೆ ಒತ್ತಿದ. ತಪ್ಪು.

"ಎಮ್ಮೆ ಹೆಸರು ಸರಿಯಾಗಿ ನೆನಪಿದೆಯಾ ಅತ್ತೆ?"

"ನನ್ನ ಕೈಯಾರೆ ಹುಲ್ಲು ತಿನ್ನಿಸಿದ ಎಮ್ಮೆ ಹೆಸರು ನಂಗೆ ಮರೀತದೇನೋ? ದಿನಾ ಬೆಳಿಗ್ಗೆ ಅದನ್ನೇ ಒತ್ತಿದ್ದೀನಿ! ತಡಿ, ಹಸಿರು ಪೊಟ್ಟಣ ಇದೆಯಾ ಮೇಲೆ?"

ಎಲ್ಲರ ಕಣ್ಣೂ ಒಟ್ಟಿಗೆ ಡಬ್ಬದ ತಲೆಗೆ ಹೋಯಿತು, ಅಲ್ಲಿಂದ ತಿಂಗೋಂಗನ ಮುಖಕ್ಕೆ ಬಂತು.

"ಅದೆಲ್ಲಿ?" ಎಂದ ಹೋಯ್‌ಸಾಯ್.

"ತಿಂದೆ."

"ಏನು?"

"ತಿಂದೆ ಅಂದೆನಲ್ಲ! ಅವಧಿ ಮುಗಿದು ಎರಡು ವರ್ಷ ಆಗಿತ್ತು. ಎರಡು ವರ್ಷ ಹಳೇ ತಿಂಡಿ ಯಂತ್ರಾನ ಕಾಯುತ್ತೇನ್ರಯ್ಯಾ? ಬುದ್ಧಿ ಬೇಡ್ವಾ?"

"ಅಂದ್ರೆ ಆ ಬಡ ಯಂತ್ರ ಎರಡು ವರ್ಷ ಸಹಿಸ್ಕೊಂಡಿತ್ತು," ಎಂದು ಹೋಯ್‌ಸಾಯ್ ಕುರ್ಚಿಗೆ ಒರಗಿದ. "ನೀನು ಅದರ ಕಣ್ಣೆದುರೇ ತಿಂದ್ಬಿಟ್ಟೆ."

ಅಲ್ಲಿಗೆ ಊರಿನ ಮಟ್ಟಿಗೆ ವಿಚಾರಣೆ ಮುಗಿಯಿತು. ಸಂಜೆಯೊಳಗೆ ಚಪ್ಪರದಲ್ಲಿ, ಬಾವಿಯ ಹತ್ತಿರ, ಹಂದಿ ಮಾಂಸದ ಅಂಗಡಿಯಲ್ಲಿ ಒಂದೇ ಮಾತು: ಅರೆಬರೆ ತಿಂಗೋಂಗ್ ಕಂಪ್ಯೂಟರಿನ ಬಾಯಿಂದ ತುತ್ತು ಕಿತ್ತುಕೊಂಡ. ಎರಡು ದಿನ ಅವನು ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡಾಡಿದ್ದನ್ನು ಅಮೀ ನೆರೆಯವಳಿಗೆ ಹೇಳಿದಳು. ಅದೂ ಸಾಕ್ಷಿಯಾಯಿತು.

ಹೋಯ್‌ಸಾಯ್ ಚುನ್‌ಥೋಳ ಅಂಗಡಿಗೆ ಹಸಿರು ಪೊಟ್ಟಣಕ್ಕೆ ಹೇಳಿ ಕಳಿಸಿದ. ಹಬ್ಬದ ಹೊತ್ತಾದ್ದರಿಂದ ಹಸಿರು ಖಾಲಿಯಾಗಿತ್ತು, ಹಳದಿ ಮಾತ್ರ ಇತ್ತು. ಇರಲಿ ನೋಡೋಣವೆಂದು ಹಳದಿಯನ್ನೇ ಇಟ್ಟು ಎಮ್ಮೆಯ ಹೆಸರು ಒತ್ತಿದರು. ಯಂತ್ರ ಈ ಸಲ ತಪ್ಪು ಎನ್ನುವುದರ ಜೊತೆಗೆ ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದೂ ಹೇಳಿತು.

"ನೋಡಿದ್ರಾ, ಹಳದಿ ಕಂಡು ಮುಖ ತಿರುಗಿಸ್ತು," ಎಂದರು ಸಮಿತಿಯವರು.

ತಿಂಗೋಂಗನ ಹಬ್ಬದೂಟವೂ ಕೆಟ್ಟಿತು. ಹೊಸವರ್ಷದ ಹಿಂದಿನ ದಿನ ಮನೆತುಂಬ ನೆಂಟರು ಸೇರಿ ಬಿಸಿಬಿಸಿ ಸಾರಿನ ಪಾತ್ರೆಯ ಸುತ್ತ ಕೂತಾಗ, ಅಮೀಯ ಅಣ್ಣ ಇಡೀ ಮೀನನ್ನು ತನ್ನ ಕಡೆ ಎಳೆದುಕೊಂಡು ಕೇಳಿದ: "ಇದು ಊಟಕ್ಕೆ ತಾನೇ? ಯಾವುದಾದ್ರೂ ಯಂತ್ರಕ್ಕೆ ಇಟ್ಟಿದ್ದಲ್ಲ ತಾನೇ? ಭಾವನ್ನ ಕೇಳಿ ತಿನ್ನೋದು ಒಳ್ಳೇದು." ನೆಂಟರೆಲ್ಲ ಬಟ್ಟಲು ಕೆಳಗಿಟ್ಟು ನಕ್ಕರು. ತಿಂಗೋಂಗ್ ಎದ್ದು ಹೋಗಿ ಪ್ರಮಾಣಪತ್ರದ ಗಾಜು ಒರೆಸುತ್ತ ನಿಂತ.

ನಾಲ್ಕನೆಯ ದಿನ ದೇವರುಗಳು ಮರಳುವ ದಿನ. ಅಂದು ಮಧ್ಯಾಹ್ನದೊಳಗೆ ಊರಿನ ಪ್ರತಿ ಮನೆಯ ಹೆಸರನ್ನೂ ಮಾಚೋ ತಾಯಿಯ ಮುಂದೆ ಓದಬೇಕು. ಹೆಸರು ಬಿಟ್ಟುಹೋದ ಮನೆಯ ಮೇಲೆ ಆ ವರ್ಷ ತಾಯಿಯ ಕಣ್ಣು ಬೀಳುವುದಿಲ್ಲ. ಹೆಸರುಗಳೆಲ್ಲ ಕಂಪ್ಯೂಟರಿನೊಳಗಿದ್ದವು. ಹೋಯ್‌ಸಾಯ್ ಕೈಯಲ್ಲೇ ಬರೆಯಲು ಕೂತು ತನ್ನ ಸ್ವಂತ ತಮ್ಮನ ಮನೆಯನ್ನೇ ಮರೆತಿದ್ದ. ಆ ತಮ್ಮ ಬಾಗಿಲಲ್ಲಿ ನಿಂತು ಆಸ್ತಿ ಪಾಲಾದ ದಿನದಿಂದ ಮೊದಲುಮಾಡಿ ಜಗಳ ತೆಗೆದಿದ್ದ. ಅಂಗಳದಲ್ಲಿ ಜನ, ಊದುಬತ್ತಿ, ಪಟಾಕಿ. ಹೊಸ ಗುಮಾಸ್ತನ ಹೆಸರು ಹೇಳುವುದೂ ಅಂದೇ. ತಿಂಗೋಂಗ್ ಇಸ್ತ್ರಿ ಮಾಡಿದ ಕೋಟು ತೊಟ್ಟು ಗೋಡೆಗೆ ಒರಗಿ ನಿಂತಿದ್ದ, ಆದರೆ ಅವನ ಪಕ್ಕದಲ್ಲಿ ಯಾರೂ ನಿಂತಿರಲಿಲ್ಲ.

ಆಗ ತುವಾನ್ ಅತ್ತೆ ಬಸ್ಸಿಳಿದು ಬಂದಳು. ನೇರವಾಗಿ ಕೋಣೆಗೆ ನುಗ್ಗಿ, ಚೀಲದಿಂದ ಹೊಚ್ಚಹೊಸ ಹಸಿರು ಪೊಟ್ಟಣ ತೆಗೆದು, ಎರಡೂ ಕೈಯಿಂದ ಡಬ್ಬದ ತಲೆಯ ಮೇಲಿಟ್ಟಳು. ಕುರ್ಚಿಯಲ್ಲಿ ಕೂತು, ಕೀಬೋರ್ಡಿನ ಕಡೆ ನೋಡದೆ, ಬಾಗಿಲ ಕಡೆ ಮುಖಮಾಡಿ, "ಮಗು ಮೂರೂವರೆ ಕೆಜಿ ಕಣ್ರೇ, ಮೂಗು ನಮ್ಮ ಕಡೇದು" ಎನ್ನುತ್ತ ಬೆರಳಾಡಿಸಿದಳು.

ಯಂತ್ರ ತೆರೆದುಕೊಂಡಿತು.

ಅಂಗಳದಿಂದೆದ್ದ ಕೂಗಿಗೆ ಜಗಲಿಯ ಪಾರಿವಾಳಗಳು ಹಾರಿದವು. ಯಾರೋ ಪಟಾಕಿಯ ಸರಕ್ಕೆ ಬೆಂಕಿ ಕೊಟ್ಟರು. "ಹಸಿರು! ಹಸಿರು ಇಟ್ಟ ಕೂಡಲೇ!" ಎಂದು ಹೋಯ್‌ಸಾಯ್ ತಮ್ಮನನ್ನೇ ತಬ್ಬಿಕೊಂಡ.

ತಿಂಗೋಂಗ್ ಮಾತ್ರ ತುವಾನ್ ಅತ್ತೆಯ ಬೆರಳುಗಳನ್ನೇ ನೋಡುತ್ತಿದ್ದ. ಅವಳ ಬೆರಳು ಒಂದು ಅಕ್ಷರದ ಮೇಲೆ ಬೀಳುತ್ತಿತ್ತು, ಪರದೆಯ ಮೇಲೆ ಬೇರೊಂದು ಮೂಡುತ್ತಿತ್ತು. ಮಸಿ ಹಿಡಿದ ಗುಂಡಿಗಳ ಮೇಲೆ ಅಷ್ಟು ವರ್ಷ ಕೆಲಸ ಮಾಡಿದವಳು ಅಕ್ಷರ ನೋಡುವುದನ್ನೇ ಬಿಟ್ಟಿದ್ದಳು; ಅವಳಿಗೆ ಗೊತ್ತಿದ್ದದ್ದು ಜಾಗ ಮಾತ್ರ. ಅಕ್ಷರ ನೋಡಿ ಒತ್ತಿದವರೆಲ್ಲ ಸೋತದ್ದು ತಾನು ಗುಂಡಿಗಳನ್ನು ತಪ್ಪಾಗಿ ಕೂರಿಸಿದ್ದರಿಂದ.

ಅವನ ಮುಂದೆ ಎರಡು ದಾರಿಯಿದ್ದವು. ಸುಮ್ಮನಿದ್ದರೆ ತಿಂಡಿ ತಿಂದ ತಪ್ಪು ಒಂದೇ. ಹೊಸ ಪೊಟ್ಟಣ ಬಂದಿದೆ, ನಾಲ್ಕು ದಿನದಲ್ಲಿ ಜನ ಮರೆಯುತ್ತಾರೆ, ಕುರ್ಚಿ ಸಿಕ್ಕರೂ ಸಿಕ್ಕೀತು. ಬಾಯಿಬಿಟ್ಟರೆ ಸಾಯುವವರೆಗೂ ಅರೆಬರೆ ತಿಂಗೋಂಗ್. ವಿವೇಕಿಯಾದವನು ಸುಮ್ಮನಿರುತ್ತಿದ್ದ. ಆದರೆ ಹೋಯ್‌ಸಾಯ್ ಪೊಟ್ಟಣದ ಮುಂದೆ ಊದುಬತ್ತಿ ಹಚ್ಚಿದ್ದನ್ನು ಕಂಡು ತಿಂಗೋಂಗನ ನೆತ್ತಿಗೆ ರಕ್ತ ಏರಿತು.

"ನಿಲ್ಲಿಸಿ!" ಎಂದು ಅವನು ಗುಡುಗಿದ. "ಜೋಳದ ತಿಂಡಿಗೆ ಊದುಬತ್ತಿಯಾ? ಪೊಟ್ಟಣಕ್ಕೂ ಇದಕ್ಕೂ ಸಂಬಂಧ ಇಲ್ಲ! ತಪ್ಪು ನನ್ನದು! ಗುಂಡಿ ತೊಳೆದು ವಾಪಸ್ ಕೂರಿಸೋವಾಗ ಅದಲುಬದಲು ಮಾಡ್ದೆ! ನಾನು ಮಾಡ್ದೆ, ನಾನು!"

ಹೋಯ್‌ಸಾಯ್ ಕನಿಕರದಿಂದ ಅವನ ಭುಜ ತಟ್ಟಿದ. "ಇರಲಿ ಬಿಡಯ್ಯಾ ತಿಂಗೋಂಗ್. ಪೊಟ್ಟಣಕ್ಕೆ ಬಂದ ಹೆಸರನ್ನೂ ನೀನೇ ಹೊಡ್ಕೋಬೇಕು ಅಂತ ಯಾಕೆ ಹಟ?"

"ಹೆಸರು ಹೊಡ್ಕೊಳ್ತಿಲ್ಲ, ತಪ್ಪು ಒಪ್ಕೊಳ್ತಿದ್ದೀನಿ ಮಾರಾಯಾ! ನಂಬಿಕೆ ಇಲ್ವಾ? ಆ ಪೊಟ್ಟಣ ತೆಗೆದು ನೋಡು!"

"ತೆಗೆಯೋದಾ?" ಸಮಿತಿಯ ನಾಲ್ವರೂ ಪೊಟ್ಟಣಕ್ಕೆ ಅಡ್ಡ ನಿಂತರು. "ಈಗ ತಾನೇ ಬಾಯಿ ಬಿಟ್ಟಿದೆ, ಮತ್ತೆ ಮುಚ್ಚಿಸ್ತೀಯಾ? ಹೆಸರು ಓದೋದು ಬೇಡ್ವಾ?"

"ಹಾಗಾದ್ರೆ ಇಲ್ಲಿ ನೋಡಿ!" ತಿಂಗೋಂಗ್ ನುಗ್ಗಿ ಒಂದು ಗುಂಡಿ ಒತ್ತಿದ. ಪರದೆಯ ಮೇಲೆ ಬೇರೆ ಅಕ್ಷರ ಮೂಡಿತು. "ಒತ್ತಿದ್ದು ಯಾವುದು, ಬಂದದ್ದು ಯಾವುದು? ಕಣ್ಣು ಬಿಟ್ಟು ನೋಡಿ!"

ಎಲ್ಲರೂ ಕಣ್ಣು ಬಿಟ್ಟು ನೋಡಿದರು.

"ಹೌದಲ್ಲ!" ಎಂದಳು ಚುನ್‌ಥೋ ಬೆರಗಾಗಿ. "ಇವನು ಮುಟ್ಟಿದ್ರೆ ಬೇಕಂತಲೇ ತಪ್ಪು ಹೇಳುತ್ತೆ. ತುವಾನ್ ಅತ್ತೆ ಮುಟ್ಟಿದ್ರೆ ಸರಿಯಾಗಿ ಹೇಳುತ್ತೆ. ಇನ್ನೂ ಕೋಪ ಇಳಿದಿಲ್ಲ ಅದಕ್ಕೆ."

ಹೆಸರುಗಳು ಅಚ್ಚಾದವು, ಓದಿದ್ದಾಯಿತು. ಹೋಯ್‌ಸಾಯನ ತಮ್ಮನ ಮನೆಯೂ ಸೇರಿತು. ಉಳಿದದ್ದು ಗುಮಾಸ್ತನ ಪ್ರಶ್ನೆ. ಅದನ್ನು ತಾಯಿಯನ್ನೇ ಕೇಳುವುದೆಂದಾಯಿತು. ತಿಂಗೋಂಗ್ ಮಂಡಿಯೂರಿ, ತನ್ನ ಹೆಸರು ಊರು ಹೇಳಿಕೊಂಡು, ಬಾಳೆಕಾಯಿ ಹೋಳಿನಂತಿರುವ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕಿದ. ಒಂದು ಮಗುಚಿ ಒಂದು ಅಂಗಾತ ಬಿದ್ದರೆ ತಾಯಿ ಹೂಂ ಎಂದಂತೆ. ಎರಡೂ ಮಗುಚಿ ಬಿದ್ದರೆ ಊಹೂಂ. ಎರಡೂ ಅಂಗಾತ ಬಿದ್ದರೆ ತಾಯಿ ನಗುತ್ತಿದ್ದಾಳೆ, ಉತ್ತರವಿಲ್ಲ.

ಎರಡೂ ಅಂಗಾತ ಬಿದ್ದವು. ಮತ್ತೆ ಹಾಕಿದ. ಅಂಗಾತ. ಮೂರನೆಯ ಸಲ ಹಾಕಿದಾಗ ಒಂದು ತುಂಡು ಮಗುಚಲು ಹೋಗಿ, ಅರೆಗಳಿಗೆ ತೂಗಾಡಿ, ತಡೆಯಲಾರದೆ ಅಂಗಾತ ಉರುಳಿತು. ಅಂಗಳದ ಜನವೂ ತಾಯಿಯ ಜೊತೆ ನಕ್ಕರು. ಪೂರ್ತಿ ಮಸಿ ಬಿಡದ ಭೂಮಿಯಜ್ಜನೂ ಕಪ್ಪು ಗಡ್ಡದೊಳಗೆ ನಕ್ಕಂತೆ ತಿಂಗೋಂಗನಿಗೆ ಕಂಡಿತು.

"ನಗೋಕೇನಿದೆ ಇದರಲ್ಲಿ?" ಎಂದು ಅವನು ದೇವಿಯನ್ನೇ ಕೇಳಿದ.

ಯಂತ್ರ ಬೇರೆ ಯಾರ ಮಾತೂ ಕೇಳುವುದಿಲ್ಲವಾದ್ದರಿಂದ ತುವಾನ್ ಅತ್ತೆಯೇ ಮುಂದುವರಿಯಬೇಕೆಂದು ತೀರ್ಮಾನವಾಯಿತು. ತಿಂಗೋಂಗನನ್ನೂ ಬರಿಗೈಯಲ್ಲಿ ಕಳಿಸಬಾರದೆಂದು ಹೋಯ್‌ಸಾಯ್ ಒಂದು ಹೊಸ ಹುದ್ದೆ ಹುಟ್ಟಿಸಿದ: ಹಸಿರು ಪೊಟ್ಟಣದ ಅವಧಿ ಮುಗಿಯುವ ಮುನ್ನ ಹೊಸದನ್ನು ತಂದಿಡುವುದು. "ತಿಂದವನೇ ಇಡಬೇಕು. ಅದೇ ನ್ಯಾಯ."

ತಿಂಗೋಂಗ್ ಇದನ್ನು ಅವಮಾನವೆಂದು ಖಂಡಿಸಿದ. ಆ ಪೊಟ್ಟಣವನ್ನು ಈ ಜನ್ಮದಲ್ಲಿ ಕೈಯಿಂದಲೂ ಮುಟ್ಟುವುದಿಲ್ಲವೆಂದು ಊರಿಗೆಲ್ಲ ಕೇಳಿಸುವಂತೆ ಹೇಳಿ ಮನೆಗೆ ಹೋದ. ಅಮೀ ಮೂಲಂಗಿಯ ಮೊರದಲ್ಲಿ ಸಿಕ್ಕಿದ ಕೀಬೋರ್ಡಿನ ಗುಂಡಿಯೊಂದನ್ನು ಅವನ ಬಟ್ಟಲ ಪಕ್ಕದಲ್ಲಿಟ್ಟಳು.

ಬೇಸಿಗೆ ಕಳೆಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಚುನ್‌ಥೋಳ ಅಂಗಡಿಯಿಂದ ದೊಡ್ಡ ಗಲಾಟೆ ಕೇಳಿಸಿತು. ಚಪ್ಪರದ ಹೆಂಗಸರು ಬೆಳ್ಳುಳ್ಳಿ ಬಿಟ್ಟು ಓಡಿದರು. ತಿಂಗೋಂಗ್ ಮುಖ ಕೆಂಪಗೆ ಮಾಡಿಕೊಂಡು ಪೊಟ್ಟಣವೊಂದನ್ನು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕುತ್ತಿದ್ದ.

"ಹಸಿರು ಇಲ್ಲಾಂದ್ರೆ ಇಲ್ಲ ಅನ್ನು!" ಎಂದು ಅವನು ಕೂಗುತ್ತಿದ್ದ. "ಕಂಪ್ಯೂಟರ್ ಮೇಲೆ ಇಡೋಕೆ ಹಳದಿ ಕೊಡ್ತೀಯಾ? ಹಳದಿ! ಸಣ್ಣ ಮಕ್ಕಳಿಗೂ ಗೊತ್ತಿರೋದು ನಿಂಗೆ ಗೊತ್ತಿಲ್ವಾ? ಅದು ಕೆಟ್ರೆ ಯಾರನ್ನ ಕೇಳ್ತಾರೆ? ನನ್ನನ್ನ!"